ಸುಬ್ಬಣ್ಣನ ಕಡಲ್ಗಳ್ಳರು

ಕಡಲ್ಗಳ್ಳರ ಮಾತು ಬಂದರೆ ಸುಬ್ಬಣ್ಣ ದನಿ ತಗ್ಗಿಸುತ್ತಿದ್ದ. ಮೊದಲು ಪಡುವಣ ದಿಕ್ಕಿಗೊಮ್ಮೆ ತಿರುಗಿ ನೋಡುವುದು, ಆಮೇಲೆ ಬಾಯಿ ಬಿಡುವುದು. ಸೊರಬದ ನಮ್ಮ ಕೇರಿಯಿಂದ ಪಡುವಣಕ್ಕೆ ಕಾಣುವುದು ಅಡಿಕೆ ಮಂಡಿಯ ತಗಡಿನ ಮಾಡು, ಅಷ್ಟೇ. ಕಡಲು ಘಟ್ಟದ ಕೆಳಗೆ ಎಲ್ಲೋ. ಆದರೂ ಅವನು ನೋಡುವ ರೀತಿಗೆ, ಕಳ್ಳರ ದೋಣಿ ಬಸ್‌ಸ್ಟ್ಯಾಂಡಿನ ಹಿಂದೆಯೇ ಬಂದು ನಿಂತಿದೆಯೇನೋ ಎಂದು ನಾವೂ ಕತ್ತು ತಿರುಗಿಸುತ್ತಿದ್ದೆವು.

ಸುಬ್ಬಣ್ಣ ಮೀನು ಮಾರುವವನು. ಕುಂದಾಪುರದ ಕಡೆಯ ಕಡಲ ದಂಡೆಯ ಊರಿನವನು, ಹೊಟ್ಟೆಪಾಡಿಗೆ ಘಟ್ಟ ಹತ್ತಿದವನು. ಬೆಳಿಗ್ಗೆ ವ್ಯಾನಿನಲ್ಲಿ ಬರುವ ಐಸಿನ ಮೀನನ್ನು ಮೊಪೆಡ್ಡಿನ ಹಿಂದಿನ ಪೆಟ್ಟಿಗೆಗೆ ತುಂಬಿಕೊಂಡು ಒಂದು ದಿನ ಕುಬಟೂರು, ಒಂದು ದಿನ ತಾಳಗುಂದ ಎಂದು ಸುತ್ತುತ್ತಿದ್ದ. ನಮ್ಮ ಕೇರಿಗೆ ಬುಧವಾರ, ಭಾನುವಾರ. ನಮ್ಮದು ಮೀನು ತಿನ್ನದ ಮನೆ. ಹಾಗಿದ್ದೂ ಅವನ ಹಾರ್ನಿಗೆ ಎಲ್ಲರಿಗಿಂತ ಮೊದಲು ಗೇಟಿಗೆ ಬರುತ್ತಿದ್ದವಳು ನನ್ನ ಅಜ್ಜಿ ಗೌರಮ್ಮ. ಅವಳಿಗೆ ಬೇಕಾಗಿದ್ದುದು ಕಥೆ.

ಅದು ಅವನಿಗೂ ಗೊತ್ತು. ರಸ್ತೆಯಾಚೆ ಹೊಂಗೆ ಮರದ ಹತ್ತಿರ ಬಂದು, ಬೆರಳು ಒದ್ದೆ ಮಾಡಿ ಮೇಲಕ್ಕೆತ್ತಿ ಗಾಳಿ ನೋಡುತ್ತಿದ್ದ. ವಾಸನೆ ಅಜ್ಜಿಯ ಕಡೆ ಬೀಸದ ಹಾಗೆ ಮರದ ಈಚೆಗೋ ಆಚೆಗೋ ಗಾಡಿ ನಿಲ್ಲಿಸುತ್ತಿದ್ದ. "ಇವತ್ತು ಗಾಳಿ ಯಾವ ಕಡೀದಪ್ಪಾ ಸುಬ್ಬಾ?" ಎಂದು ಅಜ್ಜಿ ಸೆರಗು ಮೂಗಿಗೆ ಹಿಡಿದೇ ಕೇಳುವಳು. "ನಿಮ್ಗೆ ಅಡ್ಡಿಲ್ಲ ಅಮ್ಮಾ, ಬೆಕ್ಕಿನ ಬದಿಗ್ ಹೋತ್ ಇತ್ತ್" ಎಂದು ಗಾಡಿಯಾಚೆ ಕಾದು ಕೂತ ಬೆಕ್ಕನ್ನು ತೋರಿಸುವನು.

ಅವನ ಕಳ್ಳರು ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿಯ ಹುಟ್ಟಿನ ಸದ್ದಾಗದಂತೆ ಬರುತ್ತಿದ್ದರು. ಮುಳುಗಿಹೋದ ಮೇಲೂ ಅವರ ದೆವ್ವಗಳು ಬಲೆ ಹರಿದು ಬಂಗುಡೆ ಕದಿಯುತ್ತಿದ್ದವು. ಎದುರುಮನೆಯ ಸರೋಜಕ್ಕ ಒಮ್ಮೆ, "ಎಲ್ಲಾ ಬುರುಡೆ ಬಿಡ್ತೀಯ, ನಿಮ್ಮೂರಾಗೆ ಬ್ಯಾರೆ ಕೆಲ್ಸ ಇಲ್ವಾ?" ಎಂದು ನಕ್ಕುಬಿಟ್ಟಳು. ಸುಬ್ಬಣ್ಣ ಅವಳ ತಟ್ಟೆಗೆ ಹಾಕಿದ್ದ ಬಂಗುಡೆಗಳನ್ನೆಲ್ಲ ಮತ್ತೆ ಪೆಟ್ಟಿಗೆಗೆ ಹಾಕಿಕೊಂಡು ಮುಚ್ಚಳ ಮುಚ್ಚಿದ. ಮುಂದಿನ ವಾರವೂ ಅವಳಿಗೆ ಮೀನಿಲ್ಲ. ಕೊನೆಗೆ ಅವಳೇ, "ಅದಾರೆ ಮಾರಾಯ, ಕಳ್ಳರೂ ಅದಾರೆ, ದೆವ್ವಾನೂ ಅದಾವೆ, ಒಂದು ಕೇಜಿ ಕೊಡು" ಎಂದು ಸೋತಳು. ಕಥೆ ಎಂಬ ಮಾತನ್ನೇ ಅವನು ಒಪ್ಪುತ್ತಿರಲಿಲ್ಲ. ಅದು ಅವನ ಊರಿನ ಸಮಾಚಾರ.

ಒಂದು ಭಾನುವಾರ ದೀಪದ ಹೆಣ್ಣಿನ ವಿಷಯ ತೆಗೆದ. ನಾನಾಗ ಬಿ.ಎಡ್. ಓದುವ ಹುಡುಗಿ, ಶಿಕಾರಿಪುರಕ್ಕೆ ದಿನಾ ಹೋಗಿಬರುತ್ತಿದ್ದೆ. ರಜೆಯಾದ್ದರಿಂದ ಅಜ್ಜಿಯ ಪಕ್ಕದಲ್ಲೇ ನಿಂತಿದ್ದೆ. ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ಹುಡುಗಿಯೊಬ್ಬಳನ್ನು ಕಳ್ಳರು ಹೊತ್ತೊಯ್ದರಂತೆ. ಮನೆಯವರು ಮಾನಕ್ಕೆ ಹೆದರಿ, ಅವಳು ಬದುಕಿದ್ದಾಳೆಂದು ಗೊತ್ತಿದ್ದೂ ಸತ್ತವರಿಗೆ ಮಾಡುವ ಬೊಜ್ಜದೂಟ ಹಾಕಿಸಿಬಿಟ್ಟರಂತೆ. ಕಳ್ಳರ ಹಡಗು ಬಂಡೆಗೆ ಬಡಿದು ಒಡೆಯಿತು. ಹುಡುಗಿಯೂ ಸತ್ತಳು. ಈಗಲೂ ಅಮಾವಾಸ್ಯೆಗೆ ಆ ಬಂಡೆಯ ಮೇಲೆ ದೀಪ ಹಿಡಿದು ನಿಲ್ಲುತ್ತಾಳೆ. ಊರಿನ ದೋಣಿಗಳು ಬಂಡೆಗೆ ಬಡಿಯದಂತೆ ಕಾಯುತ್ತಾಳೆ, ತಾನು ಮಾತ್ರ ದಂಡೆಗೆ ಬರುವಂತಿಲ್ಲ.

"ಬದುಕಿರೋ ಮಗಳಿಗೆ ಬೊಜ್ಜ ಮಾಡಿದ್ರಾ?" ಎಂದಳು ಅಜ್ಜಿ. ಸೆರಗು ಮೂಗಿನಿಂದ ಜಾರಿದ್ದು ಅವಳಿಗೆ ತಿಳಿಯಲಿಲ್ಲ. "ಅವಳನ್ನ ಮನೆಗೆ ಕಳ್ಸಪ್ಪಾ ಸುಬ್ಬಾ. ಎಷ್ಟು ದಿನ ಅಂತ ನೀರಾಗೆ ನಿಂತಿರ್ತಾಳೆ?"

"ನಾನ್ ಕಳ್ಸೂದ್ ಹೆಂಗೆ ಅಮ್ಮಾ?" ಸುಬ್ಬಣ್ಣ ನಿಜಕ್ಕೂ ಕಷ್ಟಪಟ್ಟು ಹೇಳಿದ. "ಮನೆಯವ್ರ್ ಕರೀಕ್, ಕರದ್ರೆ ಬತ್ಲ್. ಅವ್ರೆಲ್ಲ ಸತ್ತ್ ಯಾವ ಕಾಲ ಆಯ್ತ್. ಇನ್ನ್ ಕರೂಕೆ ಯಾರ್ ಇದ್ರ್?"

ಅಜ್ಜಿ ಒಳಗೆ ಹೋದಳು. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ನಮ್ಮ ಮನೆಯಲ್ಲೂ ಒಂದು ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಶಾರದತ್ತೆ, ಅಜ್ಜಿಯ ಒಬ್ಬಳೇ ಮಗಳು, ಬೇರೆ ಜಾತಿಯವನನ್ನು ಮದುವೆಯಾದಳು. ಅಜ್ಜ "ನಮ್ಮ ಪಾಲಿಗೆ ಸತ್ತಳು" ಎಂದು ತಲೆ ಮೇಲೆ ನೀರು ಸುರಿದುಕೊಂಡನಂತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅತ್ತೆ ಇದ್ದದ್ದು ಶಿಕಾರಿಪುರದಲ್ಲಿ, ನಾನು ದಿನಾ ಬಸ್ಸಿಳಿಯುತ್ತಿದ್ದ ಊರಿನಲ್ಲಿ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅವನ ಮಾತು ಮನೆಯಲ್ಲಿ ಇನ್ನೂ ಬದುಕಿತ್ತು.

ಸಂಜೆ ಅಜ್ಜಿ ಅಪ್ಪನನ್ನು ಕರೆದಳು. "ಶಾರದೆಗೆ ಫೋನ್ ಹಚ್ಚು."

ಅಪ್ಪ ಗಾಬರಿಯಾದ. "ಈಗ ಯಾಕವ್ವಾ? ಜನ ಏನಂತಾರೆ?"

"ಕರಿಯಾಕೆ ನಾನಿನ್ನೂ ಬದುಕಿದೀನಿ. ಹಚ್ಚು."

ಅಪ್ಪ ಯಾರು ಯಾರನ್ನೋ ಕೇಳಿ ನಂಬರು ಹುಡುಕಿದ. ಫೋನು ಕಿವಿಗಿಟ್ಟಾಗ ಅಜ್ಜಿ "ಬಾ" ಎಂದಷ್ಟೇ ಅಂದಳು. ಮರುದಿನ ಮೊದಲ ಬಸ್ಸಿಗೆ ಅತ್ತೆ ಬಂದಳು. ತಲೆ ನರೆತ ಹೆಂಗಸು, ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತುಬಿಟ್ಟಳು. ಅಜ್ಜಿ ಗೋಡೆ ಹಿಡಿದುಕೊಂಡು ಹೋಗಿ ತಾನೇ ಗೇಟು ತೆಗೆದಳು. "ಬಿಸ್ಲಾಗೆ ಯಾಕೆ ನಿಂತಿದೀಯ?" ಎಂದು ಬೈದಳು. ಆಮೇಲೆ ಇಬ್ಬರೂ ಅತ್ತದ್ದು ಎದುರುಮನೆಯ ತನಕ ಕೇಳಿಸಿತು.

ಅದಾದ ಮೇಲೆ ಅಜ್ಜಿ ಎರಡು ಮಳೆಗಾಲ ಬದುಕಿದಳು. ಅತ್ತೆ ತಿಂಗಳಿಗೊಮ್ಮೆಯಾದರೂ ಬಂದು ಅವಳ ತಲೆ ಬಾಚುತ್ತಿದ್ದಳು. ಅಜ್ಜಿ ಹೋದ ದಿನ ಸುಬ್ಬಣ್ಣ ಮೊಪೆಡ್ ತರದೆ, ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಬಂದು ಅಂಗಳದ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ.

ಅವನನ್ನು ಕೊನೆಯ ಸಲ ನೋಡಿದ್ದು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ. ಮಂಡಿನೋವಿಗೆ ಗಾಡಿ ಮಾರಿ ಊರಿಗೆ ಹೊರಟಿದ್ದ, ತಂಗಿಯ ಮನೆಗೆ. ನನಗೆ ಬಹಳ ದಿನದಿಂದ ಒಂದು ಅನುಮಾನವಿತ್ತು. "ಸುಬ್ಬಣ್ಣ, ನಮ್ಮತ್ತೆ ವಿಷಯ ಗೊತ್ತಿದ್ದೇ ಆ ದೀಪದ ಹೆಣ್ಣಿನ ಕಥೆ ಹೇಳಿದ್ಯಾ?" ಎಂದೆ.

"ಯಾವ ಅತ್ತೆ?" ಎಂದ. ಅವನಿಗೇನೂ ಗೊತ್ತಿರಲಿಲ್ಲ. ಆಮೇಲೆ "ಕಥೆ ಅಲ್ಲ ಅದ್" ಎಂದು ಸಿಟ್ಟಾದ.

ಆಗ ನಾನೇ ಎಲ್ಲವನ್ನೂ ಹೇಳಿದೆ. ಜೀವನವಿಡೀ ಹೇಳುತ್ತಲೇ ಬಂದವನು ಅವತ್ತು ಬೆಂಚಿನ ಮೇಲೆ ಚೀಲ ತಬ್ಬಿ ಕೂತು ಕೇಳಿದ. ಅಜ್ಜ ನೀರು ಸುರಿದುಕೊಂಡದ್ದು, ಫೋನು, "ಬಾ" ಎಂದದ್ದು. ಬಸ್ಸು ಬಂದು ನಿಂತರೂ ಏಳಲಿಲ್ಲ.

"ಬಾಗ್ಲ್ ಯಾರ್ ತೆಗ್ದ್ರ್?" ಎಂದ.

"ಅಜ್ಜಿನೇ."

ಟವೆಲಿನಿಂದ ಮುಖ ಒರೆಸಿಕೊಂಡ. ಕಂಡಕ್ಟರ್ ಕೂಗಿದ ಮೇಲೆ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿದ. ಕಿಟಕಿಯ ಪಕ್ಕ ಕೂತು, "ನಮ್ಮೂರ್ ಜನ್ರಿಗೆ ಇದನ್ನ ಹೇಳ್ಲಕ್ಕಾ ಹೆಣ್ಣೇ?" ಎಂದು ಕೇಳಿದ.

"ಹೇಳು. ಹೆಸರು ಮಾತ್ರ ಬದಲಾಯಿಸು."

"ಬದ್ಲ್ ಮಾಡೂಕಾತಿಲ್ಲ," ಎಂದ ಸುಬ್ಬಣ್ಣ. "ಆದದ್ದನ್ನ ಆದಂಗೇ ಹೇಳ್ಕ್."

ಬಸ್ಸು ಹಿಂದಕ್ಕೆ ಸರಿದು ತಿರುಗಿತು. ನಾನು ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ನಡೆದು, "ಗೌರಮ್ಮ ಅಂತಲೇ ಹೇಳು" ಎಂದೆ. ಕೇಳಿಸಿತು ಎಂಬಂತೆ ಅವನು ತಲೆಯಾಡಿಸಿದ.