ಕೈ ಹಿಂದೆ ಕಟ್ಟಿಕೊಳ್ಳುವ ವಿದ್ಯೆ

ಮಹಾನಂದಾ ಜಹೀರಾಬಾದಿನಲ್ಲಿ ಏನು ಕಲಿಯುತ್ತಿದ್ದಾಳೆಂದು ಕಂಗ್ಟಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಮಹಾನಂದಾಳಿಗೇ ಪೂರ್ತಿ ತಿಳಿದಿರಲಿಲ್ಲ. ಶನಿವಾರ ಸಂಜೆ ಬಸ್ಸಿಳಿದು ಮನೆಯ ಕಡೆ ಹೊರಟರೆ ಕಟ್ಟೆಯ ಮೇಲೆ ಕುಳಿತ ಲಚ್ಚಮ್ಮ ಸುಮ್ಮನೆ ಬಿಡುತ್ತಿರಲಿಲ್ಲ.

“ಡಾಕ್ಟರ್ಕಿ ಓದಾಕತ್ತಿ ಏನವ್ವ?”

“ಅಲ್ರಿ.”

“ಮತ್ತ ನರ್ಸಾ?”

“ಅದೂ ಅಲ್ರಿ.”

“ಕೈಕಾಲ ಎಳದು ತಿಕ್ಕತಾರಲ್ಲ, ಅದು ಹೌದಿಲ್ಲೋ?”

“ಅದು ಬ್ಯಾರೆ ಅದ್ರಿ. ನಮ್ದು ಆಕ್ಯುಪೇಷನಲ್ ಥೆರಪಿ. ಲಕ್ವಾ ಹೊಡದೋರಿಗಿ ಉಣ್ಣೋದು, ಅಂಗಿ ಗುಂಡಿ ಹಾಕ್ಕೊಳ್ಳೋದು, ತಲಿ ಬಾಚ್ಕೊಳ್ಳೋದು, ಇವೆಲ್ಲ ಹೊಸದಾಗಿ ಕಲಸೋದು.”

ಲಚ್ಚಮ್ಮ ಬಾಯೊಳಗಿನ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿಕೊಂಡಳು. “ಉಣ್ಣೋದು ಕಲಸಾಕ ಒಂದು ವರ್ಷ ಬೇಕೇನು?” ಎಂದಳು. ಮಹಾನಂದಾಳಿಗೂ ಇದೇ ಪ್ರಶ್ನೆ ಎಷ್ಟೋ ಸಲ ಬಂದಿತ್ತು. ಚೀಲವನ್ನು ಹೆಗಲಿಗೇರಿಸಿ ಮುಂದೆ ನಡೆದಳು.

ಆಕೆಯ ತವರು ತಾಂಡೂರಿನ ಹತ್ತಿರದ ಪೆದ್ದೆಮುಲ್. ಕಂಗ್ಟಿಯ ಧನರಾಜನ ಕೈಹಿಡಿದು ಬಂದವಳು. ಧನರಾಜ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡ. ಮಕ್ಕಳಿರಲಿಲ್ಲ. ಇಂಥ ಹೊತ್ತಿನಲ್ಲಿ ಯಾವ ಮನೆಯಲ್ಲಾದರೂ ಎದ್ದೇಳುವ ಮಾತು ಆ ಮನೆಯಲ್ಲೂ ಎದ್ದಿತು: ಇವಳು ಇನ್ನು ಇಲ್ಲೇ ಇರುವವಳೋ, ತವರಿಗೆ ಹೋಗುವವಳೋ? ಯಾರೂ ಎದುರಿಗೆ ಕೇಳಲಿಲ್ಲ. ಆದರೆ ಮೈದುನ ಸಂಜೀವಕುಮಾರ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡರೂ ಸಾಕು, ಇದೋ ಕೇಳಿಯೇಬಿಟ್ಟ ಎಂದು ಆಕೆಯ ಎದೆ ಹಾರುತ್ತಿತ್ತು. ಆತ ಕೇಳುವ ಮೊದಲೇ ಮಾವ ಶಾಂತಪ್ಪನವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯತೊಡಗಿತು. ಅತ್ತೆ ಎಂದೋ ಹೋಗಿದ್ದರು. ಮಾವನಿಗೆ ತುತ್ತಿಡುವವರು ಯಾರು ಎಂಬ ಹೊಸ ಪ್ರಶ್ನೆಯಡಿ ಹಳೆಯ ಪ್ರಶ್ನೆ ಮುಚ್ಚಿಹೋಯಿತು. ಮಹಾನಂದಾ ಉಳಿದಳು.

ಉಳಿದವಳು ಹೇಗೆ ನೋಡಿಕೊಂಡಳೆಂದರೆ, ಮಾವನ ಬಾಯಿ ತೆರೆಯುವ ಮೊದಲೇ ತುತ್ತು ಸಿದ್ಧ. ಮೂಗಿನ ಮೇಲೆ ನೊಣ ಕೂರುವ ಮೊದಲೇ ಸೆರಗು ಸಿದ್ಧ. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಬೇಕು ಎಂದು ಊರೆಲ್ಲ ಹೊಗಳಿತು. ಜಹೀರಾಬಾದಿನ ಒಂದು ಟ್ರಸ್ಟಿನ ಕೇಂದ್ರಕ್ಕೆ ಮಾವನನ್ನು ತೋರಿಸಲು ಕರೆದೊಯ್ದಾಗ ಅಲ್ಲಿನ ಥೆರಪಿಸ್ಟ್ ಪ್ರಣೀತಾ ಮೇಡಂ ಈ ಆರೈಕೆಯನ್ನು ಕಣ್ಣಾರೆ ನೋಡಿದರು. ಮದುವೆಗೆ ಮೊದಲೇ ತಾಂಡೂರಿನಲ್ಲಿ ಇಂಟರ್, ಅಂದರೆ ಪಿಯುಸಿ, ಪಾಸಾಗಿದ್ದಾಳೆಂದೂ ಕೇಳಿ ತಿಳಿದುಕೊಂಡರು. ಇಲ್ಲಿ ಅಸಿಸ್ಟೆಂಟ್ ತರಬೇತಿ ಇದೆ, ಬಂದು ಸೇರು ಅಂದರು. ಮನೆಯಲ್ಲಿ ಯಾರೂ ಒಪ್ಪುವುದಿಲ್ಲ ಎಂದುಕೊಂಡೇ ಆಕೆ ಮಾತು ತೆಗೆದಳು. ಎಲ್ಲರಿಗಿಂತ ಮೊದಲು ಶಾಂತಪ್ಪನವರೇ ಹೂಂಗುಟ್ಟಿದರು. “ಹೋಗಿ ಬಾ. ಕೈಯಾಗ ಒಂದು ವಿದ್ಯಾ ಇರ್ಲಿ” ಅಂದರು. ಹೀಗೆ ಆಕೆ ವಾರವೆಲ್ಲ ಜಹೀರಾಬಾದಿನ ಹಾಸ್ಟೆಲ್ಲಿನಲ್ಲಿ, ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಕಂಗ್ಟಿಯಲ್ಲಿ ಇರುವಂತಾಯಿತು. ವಾರದ ದಿನಗಳಲ್ಲಿ ಮಾವನ ಊಟ ಸಂಜೀವಕುಮಾರನ ಹೆಂಡತಿ ಜಗದೇವಿಯ ಪಾಲಿಗೆ ಬಂತು.

ಚೆನ್ನಾಗಿ ನೋಡಿಕೊಳ್ಳುತ್ತಾಳೆಂದು ಕರೆಸಿಕೊಂಡ ಜಾಗದಲ್ಲಿ ಮೊದಲ ದಿನವೇ ನೋಡಿಕೊಳ್ಳಬೇಡ ಎಂಬ ಪಾಠ ಶುರುವಾಯಿತು. ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಪೋಚಪ್ಪ ಎಂಬವರು ಬೆಂಚಿನ ಮೇಲೆ ಕೂತು ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದರು. ಗುಂಡಿ ಕಾಜದ ಬಾಯಿಯವರೆಗೆ ಬರುವುದು, ಜಾರುವುದು. ನೋಡಲಾರದೆ ಮಹಾನಂದಾ ಹೋಗಿ ಟಕಟಕನೆ ಎಲ್ಲ ಗುಂಡಿಗಳನ್ನೂ ಹಾಕಿಬಿಟ್ಟಳು. ಪೋಚಪ್ಪನವರ ಮುಖ ಬಾಡಿತು. ಮೇಡಂ ಬಂದು ಅಷ್ಟೂ ಗುಂಡಿಗಳನ್ನು ಬಿಚ್ಚಿದರು. ಕೈ ಹಿಂದೆ ಕಟ್ಟಿಕೊಂಡು ನಿಲ್ಲು, ಅವರ ಕೆಲಸ ಅವರೇ ಮಾಡಿಕೊಳ್ಳುವಂತೆ ಮಾಡುವುದೇ ನಿನ್ನ ಕೆಲಸ ಅಂದರು.

ಇದೆಂಥ ಕೆಲಸ? ಹುಟ್ಟಿದಾಗಿನಿಂದ ಆಕೆಗೆ ಹೇಳಿಕೊಟ್ಟಿದ್ದು ಒಂದೇ: ಹಿರಿಯರು ಕೈ ಚಾಚುವ ಮೊದಲು ನೀರಿನ ತಂಬಿಗೆ ಅವರ ಮುಂದಿರಬೇಕು. ಈಗ ನೀರಡಿಸಿದವನ ಮುಂದೆ ತಂಬಿಗೆಯನ್ನು ಒಂದು ಗೇಣು ದೂರ ಇಟ್ಟು ಸುಮ್ಮನೆ ನಿಲ್ಲಬೇಕಂತೆ. ಹಾಗೆ ನಿಂತವರಿಗೆ ಊರಿನಲ್ಲಿ ಬೇರೆ ಹೆಸರಿದೆ. ತರಗತಿಯಲ್ಲಿ ಸರಿ ಅನ್ನಿಸಿದ್ದು ಬಸ್ಸು ನಾರಾಯಣಖೇಡ ದಾಟುವಷ್ಟರಲ್ಲಿ ತಪ್ಪು ಅನ್ನಿಸುತ್ತಿತ್ತು. ಮನೆಯಲ್ಲಿ ಸರಿ ಅನ್ನಿಸಿದ್ದಕ್ಕೆ ಸೋಮವಾರ ಮೇಡಂ ಮುಂದೆ ನಾಚಿಕೆಯಾಗುತ್ತಿತ್ತು. ಎರಡರ ನಡುವೆ ಆಕೆಯ ತಲೆ ಗಿರಗಿಟ್ಟಲೆಯಾಯಿತು.

ವರ್ಷದ ಕೊನೆಗೆ ಒಂದು ಪರೀಕ್ಷೆ. ಕಲಿಯುವವರು ಒಬ್ಬ ರೋಗಿಯನ್ನು ಆರಿಸಿಕೊಳ್ಳಬೇಕು. ಆ ರೋಗಿ ತಾನೇ ಬಯಸುವ ಒಂದು ನಿತ್ಯದ ಕೆಲಸವನ್ನು ಬಿದ್ದುಹೋದ ಕೈಯಿಂದಲೇ ಮೇಡಂ ಎದುರು ಮಾಡಿ ತೋರಿಸಬೇಕು. ಆಗದಿದ್ದರೆ ಸರ್ಟಿಫಿಕೇಟ್ ಇಲ್ಲ. ಮಹಾನಂದಾ ಎರಡು ಯೋಚನೆ ಮಾಡದೆ ಮಾವನ ಹೆಸರು ಕೊಟ್ಟಳು. ಕೊಟ್ಟಮೇಲೆ ಒದ್ದಾಡಿದಳು. ತೊಗರಿಯಲ್ಲಿ ಕಲ್ಲು ಆರಿಸಿರಿ ಅಂದರೆ ಶಾಂತಪ್ಪ ಕಣ್ಣು ಮುಚ್ಚುತ್ತಿದ್ದರು. ಅಂಗಿಯ ಗುಂಡಿ ಅಂದರೆ, ಈ ವಯಸ್ಸಿಗೆ ಗುಂಡಿ ಯಾಕೆ, ಬನಿಯನ್ ಸಾಕು ಅನ್ನುತ್ತಿದ್ದರು. ಬಲಗೈ ಪಳಗುವವರೆಗೆ ಎಡಗೈಯಿಂದಾದರೂ ಚಮಚ ಹಿಡಿದು ಉಣ್ಣಲಿ ಎಂದು ಮೇಡಂ ಹೇಳಿಕಳಿಸಿದರೆ ಅದಕ್ಕೂ ಒಪ್ಪಲಿಲ್ಲ.

“ಇದು ಲಿಂಗ ಹಿಡಿಯೋ ಕೈ. ಇದನ್ನ ಎಂಜಲ ಮಾಡ್ಲೇನು?”

ಮೇಡಂಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಮಹಾನಂದಾ ಬೆವೆತುಹೋದಳು. ಬೇರೆ ಜನ ಎಡಗೈಯನ್ನು ಕೀಳೆಂದು ದೂರವಿಡುತ್ತಾರೆ, ನಿಮ್ಮವರು ಮೇಲೆಂದು ದೂರವಿಡುತ್ತಾರೆ, ನಾನು ಯಾವ ಕೈಯನ್ನು ನಂಬಲಿ ಎಂದು ಮೇಡಂ ನಕ್ಕುಬಿಟ್ಟರು.

ಲಿಂಗಪೂಜೆಯಾಗದೆ ಶಾಂತಪ್ಪ ಹನಿ ನೀರೂ ಮುಟ್ಟುವವರಲ್ಲ. ಕೊರಳಿನ ಕರಡಿಗೆಯಿಂದ ಲಿಂಗವನ್ನು ಎಡ ಅಂಗೈಗೆ ತಂದುಕೊಳ್ಳುವುದನ್ನು ಹೇಗೋ ತಾವೇ ನಿಭಾಯಿಸುತ್ತಿದ್ದರು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲವಲ್ಲ. ಆದರೆ ವಿಭೂತಿ, ಪತ್ರಿ ಏರಿಸಬೇಕಾದ ಬಲಗೈ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಮಹಾನಂದಾ ಎದುರು ಕೂತು ಲಿಂಗಕ್ಕೆ ಬೆರಳು ತಾಗದಂತೆ ಮೇಲಿನಿಂದ ಚಿಟಿಕೆ ವಿಭೂತಿ ಬಿಡುತ್ತಿದ್ದಳು, ಬಿಲ್ವದ ಎಲೆ ಬಿಡುತ್ತಿದ್ದಳು. ತಾನಿಲ್ಲದ ದಿನಗಳಲ್ಲಿ ವಾರಗಿತ್ತಿ ಜಗದೇವಿ ಇದನ್ನೆಲ್ಲ ಮಾಡುತ್ತಾಳೆಂದು ಆಕೆ ನಂಬಿದ್ದಳು. ಕೇಳುವ ಪ್ರಮೇಯ ಬಂದಿರಲಿಲ್ಲ. ಪೂಜೆಯೂ ಪರೀಕ್ಷೆಗೆ ತೋರಿಸಬಹುದಾದ ಒಂದು ನಿತ್ಯದ ಕೆಲಸವೆಂದು ಹೊಳೆದಿದ್ದರೆ ತಾನೇ ಕೇಳುವುದು?

ಆ ನಡುವೆ ಇನ್ನೊಂದು ಒಗಟು. ಶನಿವಾರ ಸಂಜೆ ಬಂದು ಮಾವನ ಬಲಗೈ ಹಿಡಿದರೆ ಬೆರಳುಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತಿದ್ದವು. ಭಾನುವಾರವಿಡೀ ಆಕೆ ಎಣ್ಣೆ ಹಚ್ಚಿ, ಬಿಸಿನೀರಿನಲ್ಲಿಟ್ಟು, ಜೀವ ತೇಯ್ದು ಆರೈಕೆ ಮಾಡಿದರೆ ಸೋಮವಾರ ಬೆಳಗ್ಗೆ ಅದೇ ಬೆರಳು ಬಿಗಿ. ವಾರದ ದಿನಗಳಲ್ಲಿ ಯಾರೋ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ, ಏನು ಮಾಡುತ್ತಾರೆ ಕೇಳಿಕೊಂಡು ಬಾ ಅಂದರು ಮೇಡಂ. ಮಹಾನಂದಾಳಿಗೆ ಹೊಟ್ಟೆಯಲ್ಲಿ ಕಿಚ್ಚಿಟ್ಟಂತಾಯಿತು. ಜಗದೇವಿಯೇ? ಮಾವನ ತಟ್ಟೆಯನ್ನು ಕುಕ್ಕಿ ಇಟ್ಟು ಹೊಲಕ್ಕೆ ಓಡುವ ಜಗದೇವಿಯೇ? ಬಿಗಿದ ಬೆರಳು ಕಂಡಾಗ ತನಗೆ ಬೇಸರದ ಜೊತೆ ಒಂದಿಷ್ಟು ನೆಮ್ಮದಿಯೂ ಆಗುತ್ತಿದೆಯಲ್ಲ ಎಂಬುದು ಅದೇ ಹೊತ್ತಿಗೆ ಹೊಳೆದು ಇನ್ನಷ್ಟು ಗಲಿಬಿಲಿಯಾಯಿತು. ಆ ಕೈ ಸರಿಹೋದರೆ ಹಳೆಯ ಪ್ರಶ್ನೆ ಮತ್ತೆ ಎದ್ದು ಕೂರುತ್ತದಲ್ಲವೇ? ಸರಿಹೋಗದಿದ್ದರೆ ಸರ್ಟಿಫಿಕೇಟ್ ಇಲ್ಲ. ಯಾವುದನ್ನು ಬೇಡಿಕೊಳ್ಳಬೇಕೆಂದೇ ಆಕೆಗೆ ತಿಳಿಯಲಿಲ್ಲ.

ಒಂದು ವಾರ ಕೇಂದ್ರಕ್ಕೆ ಬಣ್ಣ ಹೊಡೆಸಲು ಗುರುವಾರದಿಂದಲೇ ರಜೆ ಕೊಟ್ಟರು. ಮಹಾನಂದಾ ಮೊದಲ ಬಸ್ಸು ಹಿಡಿದಳು. ಮನೆ ಮುಟ್ಟಿದಾಗ ಜಗದೇವಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯ ಪಕ್ಕದ ದೇವರ ಕೋಣೆಯ ಬಾಗಿಲು ಮುಂದಕ್ಕೆ ಮಾಡಿತ್ತು. ಸಂದಿನಿಂದ ನೋಡಿದರೆ ಶಾಂತಪ್ಪ ಮಣೆಯ ಮೇಲೆ ಕೂತಿದ್ದಾರೆ. ಎಡ ಅಂಗೈಯಲ್ಲಿ ಲಿಂಗ. ಬಲಗೈ ತೊಡೆಯ ಮೇಲಿಲ್ಲ. ಅದು ಗಡಗಡ ನಡುಗುತ್ತ ತಟ್ಟೆಯಲ್ಲಿನ ಪತ್ರಿಯ ಮೇಲೆ ಸುತ್ತುತ್ತಿದೆ. ಎರಡು ಬೆರಳ ನಡುವೆ ಎಲೆ ಸಿಕ್ಕಿತು, ಎತ್ತುವಾಗ ಬಿತ್ತು. ಮತ್ತೆ ಹುಡುಕಿತು. ಹಣೆಯ ವಿಭೂತಿ ಹುಬ್ಬಿನವರೆಗೆ ಇಳಿದು ಸೊಟ್ಟಗಾಗಿತ್ತು. ಕೊನೆಗೆ ಎಲೆ ಲಿಂಗದ ಮೇಲೆ ಹೋಗಿ ಕೂತಿತು. ಮಹಾನಂದಾ ಸದ್ದಾಗದಂತೆ ಹಿಂದೆ ಸರಿದಳು.

ಸೀದಾ ಅಡಿಗೆಮನೆಗೆ ಹೋಗಿ ಕೇಳಿದಳು. “ಜಗದೇವಿ, ನಾ ಇಲ್ಲದಾಗ ಮಾವಗ ಪತ್ರಿ ಯಾರ ಇಡ್ತಾರ?”

“ನಂಗೇನ್ ಗೊತ್ತಕ್ಕ? ಬಾಗಿಲ ಮುಂದ ಮಾಡ್ಕೊಂಡು ಕುಂಡ್ರತಾರ. ನಂಗ ಹೊಲಕ್ಕ ಹೋಗೋದು ಇರ್ತದ.”

“ಮತ್ತ ತುತ್ತು?”

ಜಗದೇವಿ ರೊಟ್ಟಿಯ ಮೇಲಿನ ಕೈ ನಿಲ್ಲಿಸಿದಳು. “ಬೈಬ್ಯಾಡಕ್ಕ. ತಟ್ಟಿ ಇಟ್ಟು ಹೋಗ್ತೀನಿ. ಬರೂದ್ರಾಗ ಖಾಲಿ ಇರ್ತದ. ನೆಲದ ಮ್ಯಾಲ ಅರ್ಧ ಚೆಲ್ಲಿರ್ತದ, ಬಳದು ಒಗಿತೀನಿ.”

ಬೈಯುವುದೆಲ್ಲಿಂದ ಬಂತು? ವರ್ಷವಿಡೀ ಓದಿ ಕಲಿತ ವಿದ್ಯೆಯನ್ನು ಜಗದೇವಿ ಬರೀ ಅಸಡ್ಡೆಯಿಂದಲೇ ನಡೆಸಿಕೊಂಡು ಬಂದಿದ್ದಳು. ಮಹಾನಂದಾಳಿಗೆ ನಗು ಬಂತು. ಅಷ್ಟರಲ್ಲಿ ಕೋಣೆಯಿಂದ ಹೊರಬಂದ ಶಾಂತಪ್ಪ ಸೊಸೆಯನ್ನು ಕಂಡು ಬೆಚ್ಚಿದರು, ಆಮೇಲೆ ಮುಖ ಅರಳಿಸಿದರು. ಊಟಕ್ಕೆ ಕೂತಾಗ ಬಲಗೈಯನ್ನು ತೊಡೆಯ ಮೇಲೆ ಚೆಲ್ಲಿ, ಎಂದಿನಂತೆ ಬಾಯಿ ತೆರೆದರು. ಆಕೆ ತುತ್ತಿಟ್ಟಳು.

ಮರುದಿನ ಬೆಳಗ್ಗೆ ಶಾಂತಪ್ಪ ಮಣೆಯ ಮೇಲೆ ಕೂತು, ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಾದರು. ಮಹಾನಂದಾ ಎದುರು ಬಂದು ನಿಂತಳು, ಕೂರಲಿಲ್ಲ. ಕೈಗಳನ್ನು ಹಿಂದೆ ಕಟ್ಟಿಕೊಂಡಳು.

“ಪತ್ರಿ ಇಡವ್ವ. ಕೈ ಸೋಲಾಕತ್ತದ.”

“ನಿನ್ನಿ ಯಾರ ಇಟ್ರಿ ಮಾವ?”

ಶಾಂತಪ್ಪ ತಲೆಯೆತ್ತಿದರು. ಸೊಸೆ ಕೈ ಹಿಂದೆ ಕಟ್ಟಿಕೊಂಡಿರುವುದನ್ನು ನೋಡಿದರು. ಅವಳ ಕಣ್ಣನ್ನು ನೋಡಲಿಲ್ಲ.

“ನೋಡಿದಿ ಹಂಗಾರ.”

“ನೋಡೀನ್ರಿ. ಯಾವಾಗಿಂದ ಎತ್ತಾಕತ್ತದ ಈ ಕೈ?”

“ನೀ ಜಹೀರಾಬಾದಿಗಿ ಹೋದ ಮ್ಯಾಲ. ಯಾರಿಲ್ಲ ಅಂದ್ರ ಎತ್ತಬೇಕಾಗ್ತದ.”

“ಮತ್ತ ನಾ ಬಂದಾಗ ಯಾಕ ಚೆಲ್ಲಿ ಕುಂಡ್ರತೀರಿ? ಮೇಡಂ ಮುಂದ ತಲಿ ತಗ್ಗಿಸಿ ನಿಂತೀನ್ರಿ ನಾ. ಕೈ ಯಾಕ ಬಿಗೀತದ ಅಂತ ನಿದ್ದಿ ಇಲ್ದಂಗ ಆಗೇದ ನಂಗ.” ಹೇಳುತ್ತ ಹೇಳುತ್ತ ಆಕೆಗೆ ಸಿಟ್ಟು ನೆತ್ತಿಗೇರಿತು. ಮಾವನ ಎದುರು ಅಷ್ಟು ಜೋರಾಗಿ ಆಕೆ ಎಂದೂ ಮಾತಾಡಿರಲಿಲ್ಲ.

ಶಾಂತಪ್ಪ ಅಂಗೈಯ ಲಿಂಗದ ಕಡೆ ದೃಷ್ಟಿ ಇಳಿಸಿದರು.

“ನಾನೇ ಇಟ್ಕೊಂಡ್ರ ನೀ ಯಾಕ ಬರ್ತಿ?” ಅಂದರು. “ಧನರಾಜ ಇಲ್ಲ. ಕೂಸಿಲ್ಲ. ಈ ಮನ್ಯಾಗ ನಿಂದು ಅಂಬೋದು ನನ್ನ ಕೈ ಒಂದೇ ಅದವ್ವ. ಅದೂ ನೆಟ್ಟಗ ಆತಂದ್ರ ನಿಂಗ ಇಲ್ಲಿಗಿ ಬಸ್ಸ್ಯಾಕ?”

ಮಹಾನಂದಾಳ ಸಿಟ್ಟು ಇದ್ದಲ್ಲೇ ನಿಂತುಹೋಯಿತು. ತಾನು ಯಾವುದಕ್ಕೆ ಹೆದರಿ ಆ ಕೈಯನ್ನು ಬಿಡದೆ ಹಿಡಿದಿದ್ದಳೋ, ಅದಕ್ಕೇ ಹೆದರಿ ಮಾವ ಆ ಕೈಯನ್ನು ಎತ್ತದೆ ಕೂತಿದ್ದರು. ಇದರಲ್ಲಿ ರೋಗಿ ಯಾರು, ನೋಡಿಕೊಂಡವರು ಯಾರು? ಮೇಡಂ ಮುಂದೆ ಯಾರ ಹೆಸರು ಹೇಳುವುದು? ಅಳು ಮಾತ್ರ ಬಂತು. ಕಣ್ಣನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಮೂಲೆಯಲ್ಲಿದ್ದ ಇನ್ನೊಂದು ಮಣೆಯನ್ನು ತಂದು ಮಾವನ ಎದುರು ಹಾಕಿದಳು. ಕೂತು, ತನ್ನ ಕೊರಳಿನ ಲಿಂಗವನ್ನು ತೆಗೆದು ತನ್ನ ಅಂಗೈಯ ಮೇಲಿಟ್ಟುಕೊಂಡಳು. ಇಷ್ಟು ದಿನ ಅವರದು ಮುಗಿಸಿ, ಉಣಿಸಿ, ಮೂಲೆಯಲ್ಲಿ ಅವಸರದಿಂದ ತನ್ನದನ್ನು ಮುಗಿಸಿಕೊಳ್ಳುತ್ತಿದ್ದವಳು ಆಕೆ.

“ನಂದೂ ಆಗಿಲ್ರಿ. ಕೂಡೇ ಮಾಡೋಣ” ಅಂದಳು.

ಆಕೆಯದು ಬೇಗ ಮುಗಿಯಿತು. ಶಾಂತಪ್ಪನವರ ಎಲೆ ಬಿತ್ತು, ಮತ್ತೆ ಬಿತ್ತು. ಆಕೆಯ ಬಲಗೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದೆಳೆದು ಮಡಿಲಲ್ಲಿಟ್ಟುಕೊಂಡಳು. ಅಡಿಗೆಮನೆಯಿಂದ ಜಗದೇವಿ ರೊಟ್ಟಿ ಆರಿತೆಂದು ಕೂಗಿದಳು. ಇಬ್ಬರೂ ಏಳಲಿಲ್ಲ. ಎಲೆ ಲಿಂಗದ ಮೇಲೆ ಕೂತಾಗ ಶಾಂತಪ್ಪನವರ ಬನಿಯನ್ ಬೆವರಿನಿಂದ ತೊಯ್ದಿತ್ತು.

“ಬರೋ ವಾರ?” ಅಂದರು ಅವರು, ಇನ್ನೂ ಮೇಲೆ ನೋಡದೆ.

“ಬರ್ತೀನ್ರಿ. ಹಿತ್ತಲದಾಗಿಂದ ಪತ್ರಿ ನೀವೇ ಹರದಿಟ್ಟಿರ್ರಿ. ಇಬ್ರಿಗಿ ಆಗೋವಷ್ಟು.”

ಶಾಂತಪ್ಪ ಬಲಗೈಯನ್ನೊಮ್ಮೆ ನೋಡಿಕೊಂಡರು. “ಆತು” ಅಂದರು.