ಗಂಟಲಕ್ಕ ಹರಾಜು ಕೂಗದ ಬೆಳಿಗ್ಗೆ

ಆ ಬಂದರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಗಂಟಲಕ್ಕನ ನಿಜವಾದ ಹೆಸರು ಯಾರಿಗೂ ಥಟ್ಟನೆ ನೆನಪಾಗುವುದಿಲ್ಲ. ಸ್ವಂತ ತಮ್ಮನೇ ತಲೆ ಕೆರೆದುಕೊಳ್ಳುತ್ತಾನೆ. ಮೀನಿನ ಹರಾಜು ಕೂಗುವುದು ಅವಳ ಕಸುಬು. ಅವಳ ಗಂಟಲು ಅಂದರೆ ಏನು ಅಂತ ತಿಳಿದಿದ್ದೀರಿ! ಮೈಕ್ ಮಾರುವವನೊಬ್ಬ ಒಮ್ಮೆ ಹರಾಜು ಕಟ್ಟೆಗೆ ಬಂದಿದ್ದನಂತೆ. ಅವಳು ಎರಡು ಕ್ರೇಟು ಕೂಗುವುದನ್ನು ಕೇಳಿ, ತಂದ ಪೆಟ್ಟಿಗೆ ಬಿಚ್ಚದೆಯೇ ವಾಪಸ್ಸು ಹೋದನಂತೆ.

ಮೊದಲು ಅವಳು ತಲೆಮೇಲೆ ಬುಟ್ಟಿ ಹೊರುತ್ತಿದ್ದವಳು. ಒಂದು ದಿನ ಹಳೇ ಹರಾಜುಗಾರನ ಧ್ವನಿ ಬಿದ್ದುಹೋಗಿ ಕಟ್ಟೆಯ ಮೇಲೆ ಮೀನೆಲ್ಲ ಹಾಗೇ ಉಳಿದಾಗ, ಇವಳು ಬುಟ್ಟಿ ಕೆಳಗಿಟ್ಟು ಕೂಗಲು ಶುರು ಮಾಡಿದಳು. ಕೊಳ್ಳುವವನೊಬ್ಬ ನಕ್ಕ.

"ಹೆಂಗಸು ಕೂಗಿದ್ರೆ ಮೀನು ನಾಚ್ಕೊಳುತ್ತೆ ಕಣೇ."

"ಮೀನು ಸತ್ತಿದೆ ಕಣಯ್ಯ. ನಾಚ್ಕೊಳ್ಳೋದಾದ್ರೆ ನೀನು ನಾಚ್ಕೋ, ನೀನು ಹೇಳಿದ ರೇಟಿಗೆ!"

ಅವತ್ತಿನಿಂದ ಕಟ್ಟೆ ಅವಳದ್ದೇ. ಅವಳು ಅಂಗೈಯಿಂದ ಕ್ರೇಟಿನ ಅಂಚಿಗೆ ಪಟಾರನೆ ಹೊಡೆದರೆ ಮಾರಾಟ ಆಯಿತು ಅಂತ. ಆ ಏಟು ಬೀಳದೆ ಯಾರೂ ಮೀನು ಎತ್ತುವುದಿಲ್ಲ, ಯಾರೂ ದುಡ್ಡು ಕೊಡುವುದಿಲ್ಲ. ಮುಂದೆ ಜಗಳವಾದರೆ, "ಅಕ್ಕ ಹೊಡೆದಿದ್ಳಾ ಇಲ್ವಾ?" ಅನ್ನುವುದೊಂದೇ ಪ್ರಶ್ನೆ.

ಮನೆಯಲ್ಲಿ ಮಾತ್ರ ಅವಳು ಪಿಸುಮಾತಿನವಳು. ಹಗ್ಗದ ಅಂಗಡಿಯ ಮೇಲಿನ ಒಂದು ಕೋಣೆ, ಕಿರಿದಾದ ಮೆಟ್ಟಿಲು, ಕಿಟಕಿಯಲ್ಲಿ ಒಣಗುವ ರಬ್ಬರ್ ಬೂಟು. ಉಪ್ಪು ಹಾಕಿದ ಬಿಸಿನೀರಿನಿಂದ ಬಾಯಿ ಮುಕ್ಕಳಿಸಿ ಸುಮ್ಮನೆ ಕೂರುವಳು. ಆ ಕೋಣೆಯಲ್ಲೇ ತಮ್ಮನನ್ನು ಸಾಕಿದ್ದು. ಅಮ್ಮ ಹೋದಾಗ ಅವನಿಗೆ ಇನ್ನೂ ಹಾಲುಹಲ್ಲು. ಈಗ ಅವನಿಗೆ ಸ್ವಂತ ಬೋಟಿದೆ, ಪುಟ್ಟ ಮಗನಿದ್ದಾನೆ, ಮೀಸೆ ಇದೆ, ಮೀಸೆಗಿಂತ ದೊಡ್ಡ ಜಂಬವಿದೆ.

ಜಂಬ ಅವನೊಬ್ಬನದೇ ಅಲ್ಲ, ಇಡೀ ಬಂದರಿನದು. ಮೀನು ಸಂಶೋಧನಾ ಕಚೇರಿಯಿಂದ ಒಬ್ಬ ಮೇಡಂ ಬರುತ್ತಿದ್ದರು. ಕೈಯಲ್ಲಿ ಅಳತೆ ಗೀಟು ಹಾಕಿದ ಹಲಗೆ. ಪ್ರತಿ ಬೋಟಿನಿಂದ ಒಂದಿಷ್ಟು ಬಂಗುಡೆ ತೆಗೆದುಕೊಂಡು, ಮೂತಿಯಿಂದ ಬಾಲದವರೆಗೆ ಅಳೆದು, ತೂಗಿ, ಬರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಅಳತೆ ಮೇಡಂ ಅಂತ. ಅವರು ಬಂದರೆ ಸಾಕು, "ಲೋ, ಮೇಡಂಗೆ ಒಳ್ಳೇದು ಕೊಡ್ರೋ!" ಅಂತ ಒಂದೇ ಗದ್ದಲ. ಇದ್ದುದರಲ್ಲಿ ದಪ್ಪನೆಯ, ಉದ್ದನೆಯ, ಬೆನ್ನು ಮಿರಮಿರ ಮಿಂಚುವ ಮೀನನ್ನೇ ಆರಿಸಿ ಹಲಗೆಯ ಮೇಲಿಡುವುದು. ಮನೆಗೆ ಬಂದವರಿಗೆ ಒಡಕು ಲೋಟದಲ್ಲಿ ನೀರು ಕೊಡುತ್ತಾರೆಯೇ? ಅದೂ ಅಲ್ಲದೆ, ಯಾವ ಬೋಟಿನ ಮೀನು ಹಲಗೆಯ ಮೇಲೆ ಗಿಡ್ಡ ಕಂಡಿತೋ ಅದಕ್ಕೆ ವಾರವಿಡೀ "ಅಂಗನವಾಡಿ ಬೋಟು" ಅಂತ ಹೆಸರು. ಹೀಗಾಗಿ ಬೆರಳುದ್ದದ ಮರಿಗಳೆಲ್ಲ ಕಟ್ಟೆಗೆ ಬರುವ ಮೊದಲೇ ಹಿಂದಿನ ಗೇಟಿನಲ್ಲಿ ನಿಂತ ಹಿಟ್ಟಿನ ಲಾರಿಗೆ ಹೋಗುತ್ತಿದ್ದವು. ಅವನ್ನು ಒಣಗಿಸಿ ಕೋಳಿಗೆ ಹಾಕುವ ಹಿಟ್ಟು ಮಾಡುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದರೆ ಇದೇ!

ಗಂಟಲಕ್ಕನೂ ಆ ಹೂ ಮುಡಿಸಿದವಳೇ. "ಮೇಡಂ, ಇದನ್ನ ಅಳೀರಿ, ಇದು ನಮ್ಮ ತಮ್ಮನ ಬೋಟಿಂದು" ಅಂತ ಎಷ್ಟು ಸಲ ಕೈಯಾರೆ ಎತ್ತಿಕೊಟ್ಟಿದ್ದಳೋ.

ಒಂದು ಬೆಳಿಗ್ಗೆ ಕಟ್ಟೆಯ ಗೋಡೆಗೆ ಕಚೇರಿಯವರು ಕಾಗದ ಅಂಟಿಸಿ ಹೋದರು. ಕೊಲ್ಲಿಯಲ್ಲಿ ಬಂಗುಡೆ ಸಮೃದ್ಧವಾಗಿದೆ, ಅಳತೆಯ ಪ್ರಕಾರ ಮೀನು ಸರಾಸರಿಗಿಂತ ದೊಡ್ಡದಾಗಿದೆ, ಆದ್ದರಿಂದ ಮೊಟ್ಟೆ ಇಡುವ ತಿಂಗಳುಗಳಲ್ಲಿ ಕೊಲ್ಲಿಯಲ್ಲಿ ಮೀನು ಹಿಡಿಯಬಾರದೆಂಬ ನಿಷೇಧ ತೆಗೆಯಬಹುದು, ದೀಪ ಹಾಕಿ ಹಿಡಿಯುವ ದೊಡ್ಡ ಬೋಟುಗಳನ್ನೂ ಒಳಗೆ ಬಿಡಬಹುದು, ಇದರಿಂದ ಲಾಭ ಹೆಚ್ಚುತ್ತದೆ. ಆಕ್ಷೇಪಣೆ ಇದ್ದವರು ಮುಂದಿನ ವಾರದ ಸಭೆಯಲ್ಲಿ ಹೇಳಬಹುದು.

ಓದಿದವನು ಓದಿ ಮುಗಿಸುವಷ್ಟರಲ್ಲಿ ದೊಡ್ಡ ಬೋಟುಗಳು ಕೊಲ್ಲಿಯ ಬಾಯಲ್ಲಿ ಬಂದು ನಿಂತಿದ್ದವು, ಊಟದ ಮನೆ ಬಾಗಿಲು ಯಾವಾಗ ತೆಗೆಯುತ್ತಾರೋ ಅಂತ ಕಾಯುವವರ ಹಾಗೆ.

"ಸಮೃದ್ಧ ಅಂತೆ!" ಗಂಟಲಕ್ಕನಿಗೆ ಮೈಯೆಲ್ಲ ಉರಿಯಿತು. "ಹೋದ್ ವರ್ಷ ಮಧ್ಯಾಹ್ನದವರೆಗೂ ಕೂಗ್ತಿದ್ದೆ. ಈಗ ಟೀ ಆರೋ ಮುಂಚೆ ಕಟ್ಟೆ ಖಾಲಿ. ಯಾವ ಕಣ್ಣಲ್ಲಿ ನೋಡಿದ್ರು ಇವ್ರು ಸಮೃದ್ಧೀನ?"

ಬೂಟನ್ನೂ ಬಿಚ್ಚದೆ ಐಸ್ ಕಾರ್ಖಾನೆಯ ಹಿಂದೆ ಇದ್ದ ಮೇಡಂ ಕೋಣೆಗೆ ನುಗ್ಗಿದಳು. ಒದ್ದೆ ಗೋಡೆ, ಪಕ್ಕದ ಯಂತ್ರದ ಗುಂಯ್ ಸದ್ದಿಗೆ ಸೂಕ್ಷ್ಮದರ್ಶಕವೇ ನಡುಗುತ್ತಿತ್ತು. ಮೇಡಂ ಮೀನಿನ ಕಿವಿಯೊಳಗಿನ ಸಣ್ಣ ಕಲ್ಲುಗಳನ್ನು ಸೀಳಿ ನೋಡುತ್ತಿದ್ದರು. ಮರದ ಕಾಂಡದಲ್ಲಿ ಬಳೆ ಬಳೆ ಇರುತ್ತದಲ್ಲ, ಹಾಗೆ ಆ ಕಲ್ಲಿನಲ್ಲೂ ಮೀನಿನ ವಯಸ್ಸು ಕಾಣುತ್ತದೆ.

"ನಮ್ಮ ಅನ್ನಕ್ಕೆ ಮಣ್ಣು ಹಾಕಿದ್ರಲ್ಲ ಮೇಡಂ!"

ಮೇಡಂ ತಲೆ ಎತ್ತಿದರು. ಕಣ್ಣು ಕೆಂಪಾಗಿತ್ತು. "ಕೂತ್ಕೊಳ್ಳಿ ಅಕ್ಕಾ. ನಾನು ಅಳೆದಿದ್ದು ಯಾವ ಮೀನು?"

"ನಮ್ಮ ಮೀನು!"

"ನೀವು ಕೊಟ್ಟ ಮೀನು. ಇಲ್ಲಿ ನೋಡಿ, ಎಲ್ಲ ದೊಡ್ಡೋರೇ. ಒಂದು ಊರಿಗೆ ಹೋದ್ರೆ ಬರೀ ಅಜ್ಜ ಅಜ್ಜಿ ಸಿಕ್ಕಿ ಒಂದು ಮಗೂನೂ ಕಾಣದಿದ್ರೆ ಏನಂತೀರಿ? ಮಕ್ಕಳನ್ನ ಎಲ್ಲೋ ಬಚ್ಚಿಟ್ಟಿದಾರೆ ಅಂತ ತಾನೆ? ಅದನ್ನೇ ಕಚೇರಿಗೆ ಹೇಳ್ದೆ. ಬೋಟಿಗೆ ಹತ್ತಿ, ಬಲೆಯಿಂದ ಬಿದ್ದ ರಾಶೀನೇ ಅಳೀತೀನಿ ಅಂತ ಬೇಡ್ಕೊಂಡೆ. ಹೆಂಗಸರಿಗೆ ಬೋಟಲ್ಲಿ ವಿಮೆ ಇಲ್ಲ, ಕಟ್ಟೇಲಿ ಸಿಕ್ಕಿದ್ದು ಸಾಕು ಅಂದ್ರು. ಸರಾಸರಿ ಚೆನ್ನಾಗಿದೆ ಅಂತ ಬರೆದು ಕಳಿಸಿದ್ರು."

ಗಂಟಲಕ್ಕ ಈಗ ಕೂತಳು. ನಾವೇ ಆರಿಸಿ ಆರಿಸಿ ಕೊಟ್ಟ ಮೀನು ನಮ್ಮ ಮೇಲೇ ಸಾಕ್ಷಿ ಹೇಳಿತೇ? ನಾಚಿಕೆ ಬಂತು. ನಾಚಿಕೆಯ ಹಿಂದೆಯೇ ಮೊದಲಿಗಿಂತ ಜೋರಾಗಿ ಸಿಟ್ಟು ಬಂತು. ಹೇಳಿದರೂ ಕೇಳದೆ, ಒಂದು ದಿನ ಬೋಟು ಹತ್ತದೆ, ಫ್ಯಾನಿನ ಕೆಳಗೆ ಕೂತು ಸಮೃದ್ಧಿ ಅಂತ ಬರೆದವರ ಮೇಲೆ.

"ಲಾಭ ಅಂತ ಬರೆದಿದಾರಲ್ಲ, ಅದ್ಯಾರ ಲಾಭ ಮೇಡಂ?"

"ಒಂದೇ ಒಂದು ವರ್ಷದ್ದು. ಆಮೇಲೆ ಇಲ್ಲ. ಮರಿ ಇವತ್ತು ಲಾರಿಗೆ ಹೋದ್ರೆ ಹಿಟ್ಟಿನ ಬೆಲೆ. ಬಿಟ್ರೆ ಬೆಳೆದು, ಮೊಟ್ಟೆ ಇಟ್ಟು, ಆಮೇಲೆ ನಿಮ್ಮ ಕಟ್ಟೆಗೆ ಬರುತ್ತೆ."

"ಅದನ್ನ ನನಗೆ ಹೇಳ್ತೀರಾ? ಹರಾಜು ಕೂಗೋಳಿಗೆ?"

"ಹಾಗಾದ್ರೆ ಸಭೆಗೆ ಮುಂಚೆ ಒಂದೇ ಒಂದು ದಿನ, ಎಲ್ಲ ಬೋಟಿನ ರಾಶಿ ಆರಿಸದೆ ನನಗೆ ಕೊಡಿಸಿ."

ಬೋಟಿನವರು ಒಪ್ಪಿದರೇ? ಎಲ್ಲಿ! "ಮರಿ ತೋರ್ಸಿದ್ರೆ ಕೊಳ್ಳೋರು ರೇಟು ಇಳಿಸ್ತಾರೆ" ಅಂದ ಒಬ್ಬ. "ನಮ್ಮ ಮರ್ಯಾದೆ ಏನಾಗ್ಬೇಕು?" ಅಂದ ಇನ್ನೊಬ್ಬ. ಎಲ್ಲರಿಗಿಂತ ಜೋರಾಗಿ ಬೇಡ ಅಂದವನು ತಮ್ಮ.

"ಅಕ್ಕಾ, ಮನೆ ಗುಟ್ಟು ಬೀದಿಗೆ ತರ್ಬೇಡ."

"ಮನೇನೇ ಹೋಗ್ತಿದೆ, ಗುಟ್ಟು ಇಟ್ಕೊಂಡು ಏನ್ ಮಾಡ್ತೀಯೋ?"

ಮರುದಿನ ಬೋಟುಗಳು ಬಂದವು. ಕ್ರೇಟುಗಳು ಸಾಲಾಗಿ ಕೂತವು, ಕೊಳ್ಳುವವರು ಸುತ್ತ ನೆರೆದರು. ಗಂಟಲಕ್ಕ ಕಟ್ಟೆ ಹತ್ತಿ ಕೈ ಕಟ್ಟಿ ನಿಂತಳು.

"ಇವತ್ತು ರಾಶಿ ಇದ್ದ ಹಾಗೇ ಇಲ್ಲಿಗೆ ಬರ್ಬೇಕು. ದೊಡ್ಡದು, ಚಿಕ್ಕದು, ಎಲ್ಲ. ಮೇಡಂ ಅಳೆದ ಮೇಲೇ ನಾನು ಕೂಗೋದು."

ಮೊದಲು ನಕ್ಕರು. ಆಮೇಲೆ ಬೈದರು. "ಗಂಟಲು ಕೆಟ್ಟಿದೆಯಾ, ತಲೆ ಕೆಟ್ಟಿದೆಯಾ?" ಅಂತ ಒಬ್ಬ ಕೇಳಿದ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಐಸ್ ಕಾರ್ಖಾನೆಯ ಮಾಲೀಕ ತಾನೇ ಕೂಗುತ್ತೇನೆಂದು ಮುಂದೆ ಬಂದ. ಅವನ ಧ್ವನಿ ಹುಂಜದ ಮರಿಯ ಹಾಗೆ ಒಡೆಯಿತು. ಕೊಳ್ಳುವವರು ಬಿದ್ದು ಬಿದ್ದು ನಕ್ಕರೇ ಹೊರತು ಒಬ್ಬನೂ ರೇಟು ಹೇಳಲಿಲ್ಲ. ಅಕ್ಕನ ಏಟು ಬೀಳದ ಮೀನಿಗೆ ಯಾರು ಜವಾಬ್ದಾರಿ?

ಐಸು ಕರಗಿತು. ಕ್ರೇಟುಗಳಿಂದ ನೀರು ಸೋರಿ ನೆಲವೆಲ್ಲ ಹರಿಯತೊಡಗಿತು. ಬಿಸಿಲು ಏರಿದಷ್ಟೂ ಬೈಗುಳದ ಬಣ್ಣವೂ ಏರಿತು. ಹಿಂದಿನ ಗೇಟಿನಲ್ಲಿ ಹಿಟ್ಟಿನ ಲಾರಿ ಹಾರನ್ ಹೊಡೆದಿದ್ದೇ ಹೊಡೆದಿದ್ದು. ತಮ್ಮ ಜನರನ್ನು ತಳ್ಳಿಕೊಂಡು ಬಂದ.

"ಕೂಗೇ ಅಕ್ಕಾ. ಮೀನು ಕೊಳೀತಿದೆ."

ಅವಳು ಗಲ್ಲ ಎತ್ತಿ ಪಕ್ಕದಲ್ಲಿ ನಿಂತ ಮೇಡಂ ಹಲಗೆ ತೋರಿಸಿದಳು.

"ನನ್ನ ಸಾಕಿದ್ದು ಹೀಗೆ ಹಾಳ್ಮಾಡೋಕಾ?"

ಗಂಟಲಕ್ಕ ಕಟ್ಟಿದ ಕೈಯನ್ನು ಇನ್ನೂ ಬಿಗಿದಳು. ತಮ್ಮ ಅವಳನ್ನೇ ದುರುಗುಟ್ಟಿ ನೋಡಿದ. ಆಮೇಲೆ ಲಾರಿಯ ಹತ್ತಿರ ಇಟ್ಟಿದ್ದ ತನ್ನ ಕ್ರೇಟುಗಳನ್ನು ದರದರ ಎಳೆದು ತಂದು ಒಂದೊಂದಾಗಿ ಅವಳ ಕಾಲ ಬುಡದಲ್ಲೇ ಬೋರಲು ಹಾಕಿದ.

"ತಗೋ! ನೋಡು! ಊರೆಲ್ಲ ನೋಡ್ಲಿ!"

ಬೆರಳುದ್ದದ ಬಂಗುಡೆ. ಬರೀ ಕಣ್ಣು, ಬಾಲ. ಮೈ ಅಂತ ಇನ್ನೂ ಬಂದೇ ಇಲ್ಲ. ಅವಳ ಬೂಟು ಮುಳುಗುವಷ್ಟು ಬಿತ್ತು. ಮರಿ ಲಾರಿಗೆ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಇಷ್ಟು ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಯಾರ ಬಾಯಿಂದಲೂ "ಅಂಗನವಾಡಿ" ಅನ್ನುವ ಮಾತು ಹೊರಡಲಿಲ್ಲ. ಎಲ್ಲರ ಲಾರಿ ಪಾಲೂ ಹೀಗೇ ಇದ್ದದ್ದು ಎಲ್ಲರಿಗೂ ಗೊತ್ತು. ತಲೆ ತಗ್ಗಿಸಿಕೊಂಡು ಒಬ್ಬೊಬ್ಬರೇ ತಮ್ಮ ತಮ್ಮ ಮರಿಗಳನ್ನೂ ತಂದು ಸುರಿದರು. ಅಳತೆ ಮೇಡಂ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ ಕೂತರು. ಗಂಟಲಕ್ಕ ಅವರ ಪಕ್ಕ ಕೂತು ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಟ್ಟಳು. ಈ ಸಲ ಆರಿಸಲಿಲ್ಲ.

ಸಭೆಯಲ್ಲಿ ಕಚೇರಿಯ ಸಾಹೇಬರು ಮೊದಲು ಮೂಗು ಮುರಿದರು. "ಒಂದು ದಿನದ ಅಳತೆಯಿಂದ ಏನು ಸಾಬೀತಾಗುತ್ತೆ?"

ಮೇಡಂ ಎದ್ದು ನಿಂತರು. "ಎಲ್ಲ ಸಾಬೀತಾಗಲ್ಲ ಸರ್. ಆದ್ರೆ ನಮ್ಮ ಹಿಂದಿನ ಅಳತೆಯೆಲ್ಲ ಆರಿಸಿದ ಮೀನಿಂದು ಅನ್ನೋದಂತೂ ಸಾಬೀತಾಯ್ತು. ಅದರ ಮೇಲೆ ಕಟ್ಟಿದ ಲಾಭದ ಲೆಕ್ಕಾನೂ ಅಷ್ಟೇ."

ದೊಡ್ಡ ಬೋಟಿನ ಧಣಿ ಎದ್ದು, ಇದೆಲ್ಲ ನಾಟಕ, ಮೀನನ್ನು ಯಾರೋ ಬೇಕೆಂದೇ ಸುರಿದಿದ್ದಾರೆ ಅಂದ. ಆಗ ನೋಡಿ, ಗಂಟಲಕ್ಕ ಬಾಯಿ ಬಿಟ್ಟಳು! ಸಭೆಯ ಗಾಜಿನ ಕಿಟಕಿ ಅದುರಿತು.

"ಸುರಿದಿದ್ದು ಹೌದು ಸ್ವಾಮಿ! ನಮ್ಮದೇ ಮರಿ, ನಮ್ಮದೇ ಬಲೆ, ನಮ್ಮದೇ ತಪ್ಪು! ನಮ್ಮ ಚಿಕ್ಕ ಬೋಟೇ ಇಷ್ಟು ಬಳೀತದೆ ಅಂದ್ರೆ, ನಿಮ್ಮದು ಬಂದ್ರೆ ಕೊಲ್ಲೀಲಿ ಉಪ್ಪಾದ್ರೂ ಉಳಿಯುತ್ತಾ?"

ಕೊಲ್ಲಿಯ ಬಾಗಿಲು ಮುಚ್ಚಿಯೇ ಇರಲಿ ಅಂತ ತೀರ್ಮಾನವಾಯಿತು. ದೊಡ್ಡ ಬೋಟುಗಳು ಹೊರಗೇ. ಆದರೆ ಸಾಹೇಬರು ಇನ್ನೊಂದು ಸಾಲನ್ನೂ ಓದಿದರು. ಮರಿಯೂ ಸಿಕ್ಕಿಬೀಳುವಷ್ಟು ಸಣ್ಣ ಕಣ್ಣಿನ ಬಲೆ ಇನ್ನು ಯಾರೂ ಹಾಕುವಂತಿಲ್ಲ, ಬಂದರಿನ ಬೋಟುಗಳೂ ಸೇರಿ. ಸಭೆಯಲ್ಲಿ ಇದ್ದಕ್ಕಿದ್ದಂತೆ ಎಲ್ಲರ ಕಣ್ಣೂ ಗಂಟಲಕ್ಕನ ಬೆನ್ನಿಗೆ ನೆಟ್ಟವು.

ವಿಮೆ ಇಲ್ಲ ಅಂದವರಿಗೆ ಏನೂ ಆಗಲಿಲ್ಲ. ಫ್ಯಾನಿನ ಕೆಳಗೆ ಸಮೃದ್ಧಿ ಬರೆದವರಿಗೂ ಏನೂ ಆಗಲಿಲ್ಲ. ಬೈಗುಳ ಬಿದ್ದದ್ದು ಅವಳೊಬ್ಬಳಿಗೇ.

ಸಂಜೆ ತಮ್ಮ ಹಗ್ಗದ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಹೆಗಲ ಮೇಲೆ ಬಲೆ. ಅದನ್ನು ಬಾಗಿಲಲ್ಲಿ ಧೊಪ್ಪನೆ ಒಗೆದ.

"ತಗೋ, ಹೊದ್ಕೊಂಡು ಮಲಗು. ಇನ್ನು ಇದ್ರಿಂದ ನನಗೇನು ಕೆಲ್ಸ? ಹೊಸ ಬಲೆಗೆ ಯಾರಪ್ಪನ ಹತ್ರ ಹೋಗ್ಲಿ?"

"ಹೊಸ ಬಲೆಗೆ ನಾನೂ ಕೈ ಹಾಕ್ತೀನಿ ಕಣೋ..."

"ಬೇಡ. ನೀನು ನಿನ್ನ ಮೇಡಂ ಜೊತೇನೇ ಇರು."

ಅವನು ಇಳಿದು ಹೋದ. ಗಂಟಲಕ್ಕ ಬಲೆಯನ್ನು ಮಡಿಲಿಗೆ ಎಳೆದುಕೊಂಡು ಅದರ ಕಣ್ಣಿಗೆ ಬೆರಳು ತೂರಿಸಿ ನೋಡಿದಳು. ಹೆಬ್ಬೆರಳು ಹೋಗಲಿಲ್ಲ. ತೋರುಬೆರಳೂ ಹೋಗಲಿಲ್ಲ. ಕಿರುಬೆರಳು ಹೋಗಿ ಗಿಣ್ಣಿನಲ್ಲಿ ಸಿಕ್ಕಿಕೊಂಡಿತು. ಇಷ್ಟು ವರ್ಷ ಇದರ ಅಂಚು ಹೊಲಿದುಕೊಟ್ಟವಳೂ ಅವಳೇ. ಬೆರಳನ್ನು ಕಿತ್ತುಕೊಂಡು, ಬಲೆ ಹಿಡಿದು ಮೆಟ್ಟಿಲ ತುದಿಗೆ ಬಂದಳು. ಮನೆಯಲ್ಲಿ ಪಿಸುಮಾತಿನವಳು ಅನ್ನುವುದನ್ನೂ ಮರೆತಳು.

"ಲೋ! ನಿಲ್ಲೋ! ಇದ್ರಲ್ಲಿ ನೀರು ಬಿಟ್ಟು ಇನ್ನೇನೋ ತಪ್ಪಿಸ್ಕೊಳುತ್ತೆ? ಹೇಳೋ! ನಾಳೆ ನಿನ್ನ ಮಗ ಏನು ಹಿಡೀಬೇಕೋ, ನೊಣಾನಾ?"

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ತಮ್ಮ ನಿಂತ. ತಿರುಗಿ ನೋಡಲಿಲ್ಲ. ಬಲೆಯನ್ನು ವಾಪಸ್ಸು ಕೇಳಲೂ ಇಲ್ಲ.