ಉಜ್ಜಿ ತೆಗೆದ ನಂಬರು

ಹರಾಜು ಕಂಪನಿಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕೂತು ಹಳೆಯ ರಿವಾಲ್ವರುಗಳ ಜಾತಕ ಹೇಳುವುದು ಅವನ ಕೆಲಸ. ಯಾವ ಕಾರ್ಖಾನೆಯದು, ಯಾವ ಕಾಲದ್ದು, ಸಂಗ್ರಹಿಸುವವರು ಎಷ್ಟು ಕೊಟ್ಟಾರು ಎಂದು ಹೇಳಬೇಕು. ಭಾವ ಅವನಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟಿದ್ದರು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತರೂ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾನೆಂಬುದು ಅವರ ತಮಾಷೆ. ಈಚೆಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು.

ಬರುವವರೆಲ್ಲ ರಿವಾಲ್ವರಿಗಿಂತ ಮೊದಲು ಕಥೆಯನ್ನು ಮೇಜಿನ ಮೇಲಿಡುತ್ತಿದ್ದರು. ತಾತ ಯುದ್ಧಕ್ಕೆ ಹೋಗಿದ್ದರು, ದೊಡ್ಡ ಸಾಹೇಬರು ಮೆಚ್ಚಿ ಕೊಟ್ಟಿದ್ದು, ಇಂಥದ್ದು ಪ್ರಪಂಚದಲ್ಲಿ ಇನ್ನೊಂದಿಲ್ಲ. ಮೊದಮೊದಲು ಅವನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಈಗ ಕಿವಿ ಅಲ್ಲೇ ಇರುತ್ತಿತ್ತು, ಮನಸ್ಸು ಎದ್ದು ಹೋಗಿರುತ್ತಿತ್ತು.

ಕಾರ್ಖಾನೆಯ ಮುದ್ರೆಯಿದ್ದ ರಿವಾಲ್ವರುಗಳನ್ನು ಮೇಲಿನ ಮಹಡಿಯವರೇ ನೋಡಿಕೊಳ್ಳುತ್ತಿದ್ದರು. ಮುದ್ರೆ ಇಲ್ಲದವು ಅವನ ತಲೆಗೆ. ಕೈಯ ಬೆವರಿಗೆ ಸವೆದವು, ತುಕ್ಕು ತಿಂದವು, ಹೊಸದರಂತೆ ಹೊಳೆಯಲೆಂದು ಪಾಲಿಷ್ ಹಿಡಿದು ಅಕ್ಷರದ ಜತೆಗೆ ಬೆಲೆಯನ್ನೂ ಉಜ್ಜಿ ಹಾಕಿದವು, ಸಣ್ಣ ವರ್ಕ್‌ಶಾಪಿನ ನಕಲುಗಳು. ಇನ್ನೊಂದು ಜಾತಿಯೂ ಇತ್ತು, ಬೇಕೆಂದೇ ನಂಬರು ಅಳಿಸಿದ್ದು. ಅದು ಕಂಡರೆ ಬೆಲೆಯ ಮಾತೇ ಇಲ್ಲ, ಪೊಲೀಸರಿಗೆ ಫೋನು ಮಾಡಬೇಕು.

ಭಾವನ ಹತ್ತಿರವೂ ಒಂದು ರಿವಾಲ್ವರಿತ್ತು. ಜೈಲಿನಲ್ಲಿ ಕಾವಲುಗಾರರಾಗಿದ್ದ ಅವರ ತಂದೆಗೆ, ಕೈದಿಗಳ ಗಲಾಟೆಯಲ್ಲಿ ತೋರಿದ ಧೈರ್ಯಕ್ಕೆ ಸಿಕ್ಕ ಬಹುಮಾನ ಎಂದು ಅಕ್ಕ ಆ ಮನೆಗೆ ಕಾಲಿಟ್ಟ ದಿನದಿಂದ ಕೇಳುತ್ತ ಬಂದಿದ್ದಳು. ಬಸ್ಸು ಓಡಿಸಿ ಸುಸ್ತಾಗಿ ಬಂದ ಭಾವ ಒಮ್ಮೊಮ್ಮೆ ಬೀರುವಿನಿಂದ ಅದನ್ನು ತೆಗೆದು, ಒರೆಸಿ, ಮತ್ತೆ ಒಳಗಿಡುತ್ತಿದ್ದರು. ನಿವೃತ್ತರಾದ ಮೇಲೆ ಅವರಿಗೆ ಸಂಗ್ರಹಕಾರನೊಬ್ಬನ ಪರಿಚಯವಾಯಿತು. ಮನೆಯಲ್ಲೇ ಮ್ಯೂಸಿಯಂ ಮಾಡಿಕೊಂಡಿದ್ದ ಆ ಮನುಷ್ಯ, ಕಾರ್ಖಾನೆ ಯಾವುದು, ಬೆಲೆ ಎಷ್ಟು ಎಂದು ತಿಳಿದವರಿಂದ ಬರೆಸಿ ತಂದರೆ ಕೊಳ್ಳುತ್ತೇನೆ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ನಿಮ್ಮ ತಂದೆಯ ಹೆಸರು ಹಾಕಿಸುತ್ತೇನೆ ಎಂದಿದ್ದ.

“ನೀನೇ ಬಂದು ನೋಡಿ ಬರ್ಕೊಡು, ದುಡ್ಡಿಗಲ್ಲಪ್ಪ,” ಎಂದರು ಭಾವ. “ನಾಲ್ಕು ಜನ ಅಪ್ಪನ ಹೆಸರು ಓದ್ತಾರಲ್ಲ.”

ರಜೆಯ ದಿನವೂ ಇದೇ ಆಯಿತಲ್ಲ ಎಂದು ಒಳಗೊಳಗೇ ಗೊಣಗಿಕೊಂಡು ಅವನು ಅಕ್ಕನ ಮನೆಗೆ ಹೋದ. ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ದೀಪ ಹತ್ತಿರ ಎಳೆದುಕೊಂಡ. ಕೈಗೆ ಬಂದ ಕೂಡಲೇ ಗೊತ್ತಾಯಿತು, ನಕಲಲ್ಲ. ಭಾಗಕ್ಕೆ ಭಾಗ ಹೊಂದಿಕೊಂಡ ರೀತಿಯೇ ದೊಡ್ಡ ಕಾರ್ಖಾನೆಯದು. ಬಹಳ ದಿನಗಳ ಮೇಲೆ ಅವನಿಗೆ ಸ್ವಲ್ಪ ಹುರುಪು ಬಂತು.

ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸವೆದ ರಿವಾಲ್ವರಿನಲ್ಲಿ ಅಂಚುಗಳೆಲ್ಲ ಮೊಂಡಾಗಿರುತ್ತವೆ. ಇದರ ಅಂಚುಗಳು ಚೂಪಾಗಿಯೇ ಇದ್ದವು. ಮುದ್ರೆ ಇರಬೇಕಾದ ಜಾಗದಲ್ಲಿ, ನಂಬರು ಇರಬೇಕಾದ ಜಾಗದಲ್ಲಿ, ಗುಂಡು ತುಂಬುವ ಉರುಳೆಯ ಹಿಂಬದಿಯಲ್ಲಿ ಮಾತ್ರ ಬೆರಳಿಗೆ ಹತ್ತುವಷ್ಟು ತಗ್ಗು. ಭೂತಗನ್ನಡಿಯಲ್ಲಿ ಅರದ ಗೀರುಗಳು ಸಾಲಾಗಿ ಕಂಡವು. ಯಾರೋ ಕೂತು, ಪುರುಸೊತ್ತಿನಲ್ಲಿ, ಆಯ್ದಾಯ್ದು ತೆಗೆದಿದ್ದರು. ಹಿಡಿಕೆಯ ತಿರುಪು ಬಿಚ್ಚಿ ಮರದ ಹಲಗೆಯ ಒಳಮೈ ನೋಡಿದ. ಅಲ್ಲಿಗೆ ಅರ ತಲುಪಿರಲಿಲ್ಲ. ನಂಬರಿತ್ತು. ಪಕ್ಕದಲ್ಲಿ ಜೈಲು ಇಲಾಖೆಯ ಉಗ್ರಾಣದ ಪುಟ್ಟ ಮುದ್ರೆ. ಬಹುಮಾನ ಕೊಟ್ಟ ವಸ್ತುವಿನ ನಂಬರನ್ನು ಯಾರೂ ಅಳಿಸುವುದಿಲ್ಲ.

ಅಕ್ಕ ಚಹಾ ತಂದಿಟ್ಟಳು. ಭಾವ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದರು. ‘ಪೂರ್ತಿ ಸವೆದಿದೆ ಭಾವ, ಏನೂ ಹೇಳೋಕಾಗಲ್ಲ’ ಎಂದುಬಿಟ್ಟರೆ ಮುಗಿಯಿತು, ಹಲಗೆ ಮುಚ್ಚಿ ತಿರುಪು ಬಿಗಿದು ಮನೆಗೆ ಹೋಗಿ ಮಲಗಬಹುದು ಎಂದು ಅವನಿಗನ್ನಿಸಿತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸಂಗ್ರಹಕಾರ ಇನ್ನೊಬ್ಬರಿಗೆ ತೋರಿಸುತ್ತಾನೆ. ಆ ಇನ್ನೊಬ್ಬರು ಭಾವನ ಮುಖ ನೋಡಿ ಮಾತಾಡುವವರಲ್ಲ.

“ಭಾವ, ನಿಮ್ಮ ತಂದೆಯವರ ಕೆಲಸದಲ್ಲಿ ಯಾವತ್ತಾದ್ರೂ ರಿವಾಲ್ವರು ಕಳೆದಿತ್ತಾ?”

ಭಾವ “ಕಳೆದಿತ್ತು,” ಎಂದರು. “ನಾನು ಚಿಕ್ಕವನು. ಗಲಾಟೆ ದಿನವೇ. ಅದಕ್ಕೆ ಬಡ್ತಿ ನಿಲ್ಲಿಸಿದ್ರು. ಅಮ್ಮ ಅತ್ತಿದ್ದು ನೆನಪಿದೆ. ಯಾಕೆ?”

ಅವನು ಮರದ ಹಲಗೆಯನ್ನು ದೀಪದ ಕೆಳಗೆ ತಳ್ಳಿದ. ಭಾವ ಭೂತಗನ್ನಡಿ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು.

“ಅಂದ್ರೆ ನಮ್ಮಪ್ಪ ಕಳ್ಳ ಅಂತೀಯಾ?”

“ನಾನು ರಿವಾಲ್ವರ್ ವಿಷಯ ಅಷ್ಟೇ ಹೇಳೋದು ಭಾವ.”

“ದೊಡ್ಡ ಮನುಷ್ಯ. ಎಲ್ಲರ ಮನೇದೂ ಕೆರೆದು ನೋಡೋನು.”

ಅಕ್ಕ ನಡುವೆ ಬಾಯಿ ಹಾಕಿದಳು. “ಅವನ ಮೇಲೆ ಯಾಕೆ ಹರಿಹಾಯ್ತೀರಿ? ನೋಡು ಅಂತ ಕರೆದಿದ್ದು ನೀವೇ.” ಆಮೇಲೆ ಸಣ್ಣ ದನಿಯಲ್ಲಿ, “ಮಾವ ಅದನ್ನ ಮಾರಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಕದ್ದವರು ಹಾಗಿರ್ತಾರಾ?” ಎಂದಳು.

ಚಹಾ ಆರಿ ಕೆನೆ ಕಟ್ಟಿತು. ಕೊನೆಗೆ ಭಾವನೇ ಕೇಳಿದರು. “ಕಳೆದಿದ್ದು ಆಮೇಲೆ ಸಿಕ್ಕಿರಬಹುದಲ್ವಾ? ಶಿಕ್ಷೆ ಎಲ್ಲ ಆದ್ಮೇಲೆ? ವಾಪಸ್ ಕೊಟ್ರೆ ಯಾರು ನಂಬ್ತಾರೆ ಅಂತ ಹೆದರಿ...”

“ಇರಬಹುದು,” ಎಂದ ಅವನು. ನಿಜವಾಗಿಯೂ ಇರಬಹುದಿತ್ತು. ಅದನ್ನು ಹೇಳಲು ಯಾವ ಭೂತಗನ್ನಡಿಯೂ ಇರಲಿಲ್ಲ.

ನಂಬರು ಅಳಿಸಿದ ರಿವಾಲ್ವರನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ, ಪೊಲೀಸರಿಗೆ ಒಪ್ಪಿಸಬೇಕು ಎಂದು ಅವನು ಹೇಳಿದಾಗ ಭಾವ ಜಗಳವಾಡಲಿಲ್ಲ. “ನಾಳೆ ನೀನೂ ಬಾ,” ಎಂದರು. ಅವನೇ ಠಾಣೆಗೆ ಫೋನು ಮಾಡಿ ವಿಷಯ ತಿಳಿಸಿದ.

ಮರುದಿನ ಠಾಣೆಯ ಬೆಂಚಿನ ಮೇಲೆ ಇಬ್ಬರೂ ಬಹಳ ಹೊತ್ತು ಕಾದರು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಅವನಿಗೆ ಕೂತಲ್ಲೇ ತೂಕಡಿಕೆ. ಸರದಿ ಬಂದಾಗ ಮೇಜಿನ ಹಿಂದಿದ್ದ ಅಧಿಕಾರಿ ತಲೆಯೆತ್ತದೆ ಕೇಳಿದ.

“ಎಲ್ಲಿ ಸಿಕ್ತು? ಗೊತ್ತಿಲ್ಲ ಅಂದ್ರೂ ನಡೆಯುತ್ತೆ. ಅಟ್ಟದ ಮೇಲೆ ಸಿಕ್ತು ಅಂತಾನೇ ಎಲ್ಲರೂ ಬರೆಸೋದು.”

ಅವನು ಭಾವನ ಮೊಣಕೈ ಮುಟ್ಟಿದ. ಹಾಗೇ ಬರೆಸಿಬಿಡಿ ಎಂಬ ಸನ್ನೆ. ಭಾವ ಕೈ ಸರಿಸಿಕೊಂಡರು.

“ನಮ್ಮಪ್ಪಂದು,” ಎಂದರು. “ಜೈಲಲ್ಲಿ ಕಾವಲಿಗಿದ್ರು. ಹೆಸರು ಬರ್ಕೊಳ್ಳಿ.” ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಅಧಿಕಾರಿ ಒಂದಕ್ಷರ ತಪ್ಪು ಬರೆದಾಗ ತಿದ್ದಿಸಿದರು.

ಹೊರಗೆ ಬಂದ ಮೇಲೆ ಬಿಸಿಲಿಗೆ ಅವನ ಕಣ್ಣಲ್ಲಿ ನೀರು ಬಂತು. ಭಾವ ಅವನ ತೋಳು ಹಿಡಿದು ರಸ್ತೆ ದಾಟಿಸಿದರು.

“ಒಳ್ಳೇ ಮಾಲಾ ಅದು?” ಎಂದು ಕೇಳಿದರು.

“ಬಹಳ ಒಳ್ಳೇದು ಭಾವ. ಅಷ್ಟು ಅಚ್ಚುಕಟ್ಟಾದ್ದು ನನ್ನ ಕೈಗೆ ಬರೋದು ಅಪರೂಪ.”

ಭಾವ ತಲೆಯಾಡಿಸಿದರು. ಬಸ್ಸಿಗೆ ಕಾಯುವಾಗ, ಡ್ರೈವರುಗಳು ಈಗೀಗ ಬ್ರೇಕು ಒತ್ತುವ ರೀತಿಯನ್ನು ಬೈಯುತ್ತ ನಿಂತರು.